ಬಿಸಿಲಿಗೆ ಹಿಡಿದು ನೋಡಿದ ಲ್ಯಾಪ್‌ಟಾಪ್

ಅವತ್ತಿನ ಮುಂಜಾನೆಯೂ ನಮ್ಮ ಮನೆಯಲ್ಲಿ ಎಲ್ಲ ಮುಂಜಾನೆಗಳ ಹಾಗೆಯೇ ಶುರುವಾಯಿತು. ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ಬರುವ ಹಾಲಿನವನು ಹಾಲು ಅಳೆದುಕೊಟ್ಟು ಗಾಡಿ ತಿರುಗಿಸಿದ. ನಾನು ಪಾತೇಲಿ ಹಿಡಿದುಕೊಂಡೇ "ಸಾವಕಾಶ ಹೋಗಪಾ" ಎಂದೆ. ಸಿಲಿಂಡರಿನವರು ಬಂದು ತುಂಬಿದ್ದನ್ನು ಇಳಿಸಿ ಖಾಲಿಯದನ್ನು ಹೊತ್ತುಕೊಂಡು ಹೋದರು, ಅವರಿಗೂ ಹೇಳಿದೆ. ಶನಿವಾರದ ಮುಂಜಾನೆ ಶಾಲೆಗೆ ಹೊರಟ ಮಗಳು ಶ್ರಾವಣಿಗಂತೂ ಗೇಟಿನವರೆಗೆ ಹೋಗಿ ಹೇಳಿದೆ. ಒಲೆಯ ಮೇಲೆ ಉಕ್ಕಿ ಬರುತ್ತಿದ್ದ ಹಾಲಿಗೂ ಅದನ್ನೇ ಹೇಳಿದೆನಂತೆ. ಹಾಗಂತ ನಮ್ಮವರು ಚಹಾ ಕುಡಿಯುತ್ತ ಆಡಿಕೊಂಡರು.

ನಮ್ಮ ಚಿಕ್ಕೋಡಿ ಕಡೆ ಮನೆಯಿಂದ ಹೊರಟವರನ್ನು ಹಾಗೇ ಬಿಟ್ಟುಕೊಡುವುದಿಲ್ಲ. ನಿಧಾನವಾಗಿ ಹೋಗು, ಜ್ವಾಕಿಯಿಂದ ಜೋಪಾನವಾಗಿ ಹೋಗು, ಹೋದ ಹಾಗೆ ಬಾ, ಇಷ್ಟೆಲ್ಲವನ್ನೂ ಸಾವಕಾಶ ಎಂಬ ಒಂದೇ ಮಾತಿನಲ್ಲಿ ಕಟ್ಟಿಕೊಡುತ್ತೇವೆ. ಬಸ್ಸಿನ ಕಿಟಕಿಯಲ್ಲಿ ಕೂತವರಿಗೂ ಹೇಳುತ್ತೇವೆ, ಬಸ್ಸು ಅವರು ಓಡಿಸುತ್ತಿದ್ದಾರೇನೋ ಎನ್ನುವ ಹಾಗೆ.

ಇರಲಿ. ನಾನು ಹೇಳಹೊರಟಿದ್ದು ಲ್ಯಾಪ್‌ಟಾಪಿನ ವಿಷಯ. ಅದನ್ನು ಕೊಳ್ಳುವ ದಿನ ಅದು.

ನಮ್ಮ ಎರಡೂ ಕಡೆಯ ಬಳಗದಲ್ಲಿ ಬಸ್ಸು ತಪ್ಪೀತೆಂದು ಬಿಟ್ಟರೆ ಬೇರೆ ಕಾರಣಕ್ಕೆ ಓಡಿದವರು ಯಾರೂ ಇಲ್ಲ. ಅಂಥ ಮನೆಯಲ್ಲಿ ಶ್ರಾವಣಿ ಸೈಕಲ್ ಶರ್ಯತ್ತಿಗೆ ಬಿದ್ದಳು. ಶರ್ಯತ್ತು ನಮ್ಮ ಸೀಮೆಗೆ ಹೊಸದಲ್ಲ. ಯಾವುದೇ ನೆಪ ಸಿಕ್ಕರೂ ನಮ್ಮ ಜನ ಯಾವುದನ್ನಾದರೂ ಓಡಿಸಿ ನೋಡುವವರೇ. ಆದರೆ ಎರಡು ಜಡೆಯ ಹುಡುಗಿಯೊಬ್ಬಳು ತಲೆಗೆ ಹೆಲ್ಮೆಟ್ಟು ಹಾಕಿ, ಬೆನ್ನು ಬಗ್ಗಿಸಿ, ತುಟಿ ಕಚ್ಚಿಕೊಂಡು ತುಳಿಯುವುದು ನಮ್ಮ ಓಣಿಗೆ ಹೊಸದು. ಕಬ್ಬೂರಿನ ರಸ್ತೆಗೆ ಹತ್ತಿದಂತೆ ಒಬ್ಬ ರೈತರು ಬಿಟ್ಟುಕೊಟ್ಟ ಹೊಲದಲ್ಲಿ ಅವಳ ಕೋಚ್ ಕುಂಬಾರ ಸರ್ ಮೊರಂ ಮಣ್ಣು ಹಾಕಿಸಿ, ರೋಲರ್ ಹೊಡೆಸಿ, ಒಂದು ದುಂಡನೆಯ ಟ್ರ್ಯಾಕ್ ಮಾಡಿಸಿದ್ದರು. ಅಲ್ಲಿ ಅವಳ ಅಭ್ಯಾಸ. ಮುಂದಿನ ವಾರ ಬೆಳಗಾವಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ಇತ್ತು. ಹಿಂದಿನ ವರ್ಷ ಕೂದಲೆಳೆಯಲ್ಲಿ ತಪ್ಪಿಹೋಗಿ, ಮನೆಗೆ ಬಂದು, ಸೈಕಲ್ಲನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದಳು. ಈ ಸಲ ಮೊದಲೇ ಹೇಳಿಬಿಟ್ಟಿದ್ದಳು: "ಮಮ್ಮಿ, ಈ ಸಲಾನೂ ಆಗ್ಲಿಲ್ಲಂದ್ರ ನಾ ಸೈಕಲ್ ಬಿಟ್ಟಬಿಡ್ತೀನಿ ನೋಡ." ಅಳುತ್ತ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಚಪಾತಿಗೆ ತುಪ್ಪ ಹಚ್ಚಿಕೊಳ್ಳುತ್ತ ಹೇಳಿದಳು.

ಸರ್ ಅವಳ ಹ್ಯಾಂಡಲ್ಲಿಗೆ ಕೈಗಡಿಯಾರದಂಥ ಒಂದು ಯಂತ್ರ ಕಟ್ಟಿದ್ದರು. ಯಾವ ಜಾಗದಲ್ಲಿ ಎಷ್ಟು ವೇಗ ಎಂಬುದನ್ನು ಅದು ನೆನಪಿಟ್ಟುಕೊಂಡು ಆಮೇಲೆ ಒಂದು ಗೆರೆಯಾಗಿ ತೋರಿಸುತ್ತದೆ. ಅದರ ಪಕ್ಕಕ್ಕೆ, ಪರಿಚಯದವರಿಂದ ತಂದ, ಬೆಂಕಿಪೊಟ್ಟಣದಷ್ಟೇ ಇರುವ ಕ್ಯಾಮೆರಾ. ತುಳಿಯುವಾಗ ಹುಡುಗಿಯ ಭುಜಗಳು ಅಲ್ಲಾಡುತ್ತವೋ ನೋಡಲೆಂದು ಅದರ ಮುಖ ಅವಳ ಕಡೆಗೇ ಇತ್ತು. ಗೆರೆಯಿಂದ ತಿಳಿದದ್ದು ಇಷ್ಟು: ಎಲ್ಲ ಕಡೆ ಚೆನ್ನಾಗಿ ಏರುವ ವೇಗ, ಜಾಲಿಗಿಡದ ಹತ್ತಿರದ ತಿರುವಿನಲ್ಲಿ ಮಾತ್ರ ಪ್ರತಿ ಸುತ್ತಿನಲ್ಲೂ ಧಪ್ಪನೆ ಇಳಿಯುತ್ತದೆ. ಯಾಕೆಂದು ವಿಡಿಯೊ ಹೇಳಬೇಕು. ಆದರೆ ಸರ್ ಮನೆಯ ಹಳೆಯ ಕಂಪ್ಯೂಟರು ಗೆರೆಯನ್ನೇನೋ ತೋರಿಸುತ್ತಿತ್ತು, ವಿಡಿಯೊ ಹಾಕಿದರೆ ಮಾತ್ರ ಊಟ ಮಾಡಿ ಮಲಗಿದವರಂತೆ ನಿದ್ದೆಹೋಗುತ್ತಿತ್ತು. ಮೇಲಾಗಿ ಕಾಲು ಬಿಸಿ ಇರುವಾಗಲೇ ಹುಡುಗಿಗೆ ತೋರಿಸಬೇಕು, ಮರುದಿನ ಹೇಳಿದರೆ ಕಾಲಿಗೆ ನೆನಪಿರುವುದಿಲ್ಲ ಎಂದು ಅವರ ವಾದ. ರೊಟ್ಟಿ ಬಡಿಯುವವಳಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗಿಲ್ಲ. ಹೇಗೂ ಮನೆಗೊಂದು ಲ್ಯಾಪ್‌ಟಾಪ್ ಬೇಕು ಎನ್ನುತ್ತಿದ್ದ ನಮ್ಮವರು, ಎರಡನೇ ಶನಿವಾರ ಆಫೀಸಿಗೆ ರಜೆ ಇದ್ದದ್ದರಿಂದ, ವ್ಯಾನು ತೆಗೆದರು. ನಾವಿಬ್ಬರೂ ನಿಪ್ಪಾಣಿಗೆ ಹೊರಟೆವು.

ದಾರಿಯುದ್ದಕ್ಕೂ ಅವರ ಮನಸ್ಸಿನಲ್ಲಿ ಒಂದೇ ಕಲ್ಪನೆ. ಪರದೆ ದೊಡ್ಡದಿರಬೇಕು, ಥಳಥಳ ಹೊಳೆಯಬೇಕು, ಸೌಂಡು ಎದುರು ಮನೆಗೆ ಕೇಳಬೇಕು. ನಮ್ಮವರು ಯಾವುದನ್ನೂ ಬಳಗದವರು ಬಂದಾಗ ಹೇಗೆ ಕಾಣುತ್ತದೆ ಎಂದೇ ಆರಿಸುವವರು. (ನನ್ನನ್ನು ಹೇಗೆ ಆರಿಸಿದರೋ, ನಾನು ಕೇಳಿಲ್ಲ.) ಸರ್ ಹೇಳಿಕಳಿಸಿದ್ದು ಮೂರೇ ಮಾತು: ಬಯಲಿನಲ್ಲಿ ಕಾಣಬೇಕು, ಅಲ್ಲಿ ಪ್ಲಗ್ಗಿಲ್ಲವಾದ್ದರಿಂದ ಬ್ಯಾಟರಿ ಬಹಳ ಹೊತ್ತು ಬಾಳಬೇಕು, ಧೂಳು ಕಂಡರೆ ಕೆಮ್ಮಬಾರದು.

ಅಂಗಡಿಯೊಳಗೆ ಏಸಿಯ ತಂಪು, ಮೇಲೆ ಸಾಲಾಗಿ ದೀಪ. ಮೇಜಿನ ಮೇಲೆ ಲ್ಯಾಪ್‌ಟಾಪುಗಳು ಬಾಯಿ ತೆರೆದುಕೊಂಡು ಕೂತಿದ್ದವು, ಎಲ್ಲವುದರಲ್ಲೂ ಅದೇ ಹಸಿರು ಗುಡ್ಡ, ಅದೇ ನೀಲಿ ಸರೋವರ. ಮಾಲಕರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಮಗ ಎಂಜಿನಿಯರಿಂಗ್ ಏನ್ರಿ ಎಂದು ಕೇಳಿದರು. ಮಗಳ ಸೈಕಲ್ಲಿಗೆ ಎಂದೆ. ಅವರು ಒಂದು ಗಳಿಗೆ ನಮ್ಮವರ ಮುಖ ನೋಡಿ, ಬೇರೆ ಪ್ರಶ್ನೆ ಕೇಳದೆ, ಎಲ್ಲಕ್ಕಿಂತ ಹೊಳೆಯುವುದನ್ನು ಮುಂದಕ್ಕೆ ಸರಿಸಿದರು. ಸರೋವರದ ಮೇಲಿನ ಹಕ್ಕಿಯ ಕಾಲಿನ ಬೆರಳು ಕೂಡ ಕಾಣುತ್ತಿತ್ತು. ನಮ್ಮವರು ಆಗಲೇ ಸೋತುಹೋಗಿದ್ದರು.

ನನಗೋ ಒಂದು ಚಾಳಿ. ಚಾಳಿಯೆಂದರೆ ನನ್ನೊಬ್ಬಳದಲ್ಲ, ನಮ್ಮ ಕಡೆಯ ಎಲ್ಲ ಹೆಂಗಸರದ್ದು. ಸೀರೆ ಅಂಗಡಿಯ ದೀಪವನ್ನು ನಾವು ನಂಬುವುದಿಲ್ಲ. ಒಳಗೆ ದಾಳಿಂಬೆ ಬಣ್ಣ ಎಂದು ಕೊಂಡದ್ದು ಬಯಲಿಗೆ ಬಂದರೆ ಇಟ್ಟಂಗಿ ಬಣ್ಣ ಆಗಿರುತ್ತದೆ. ಅದಕ್ಕೇ ಇಳಕಲ್ ಸೀರೆಯಿರಲಿ, ಬರೀ ಖಣದ ತುಂಡಿರಲಿ, ಸೆರಗಿನ ಕಡೆ ಹಿಡಿದು ರಸ್ತೆಗೆ ತಂದು ಬಿಸಿಲಿಗೆ ಹಿಡಿಯುತ್ತೇವೆ. ಅಂಗಡಿಯವರೂ ಅದಕ್ಕೆ ಒಗ್ಗಿಹೋಗಿದ್ದಾರೆ. ಕಂಪ್ಯೂಟರಿನವರು ಮಾತ್ರ ಒಗ್ಗಿರಲಿಲ್ಲ.

"ಇದನ್ನ ಹೊರಗ ತಗೊಂಡು ನೋಡ್ತೀನ್ರಿ," ಎಂದೆ.

"ವೈನಿ, ಇದು ಸೀರಿ ಅಲ್ರಿ," ಎಂದು ಮಾಲಕರು ನನ್ನನ್ನು ಅತ್ತಿಗೆಯಾಗಿಸಿಕೊಂಡು ಹೇಳಿದರು.

"ಗೊತ್ತೈತ್ರಿ. ಸೀರಿಗಿಂತ ತುಟ್ಟಿ ಐತಲ್ರಿ, ಅದಕ್ಕ."

ನಮ್ಮವರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮಾಲಕರು, ಪಾಪ, ತಾವೇ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದರು. ಬಿಸಿಲಿಗೆ ಬಂದದ್ದೇ ಸರೋವರವೂ ಇಲ್ಲ, ಹಕ್ಕಿಯೂ ಇಲ್ಲ. ಪರದೆಯ ತುಂಬ ಎದುರಿನ ಚಹಾದ ಅಂಗಡಿ, ನಿಂತಿದ್ದ ಕೆಂಪು ಬಸ್ಸು, ನಡುವೆ ಹಣೆಯ ಕುಂಕುಮ ಸ್ವಲ್ಪ ಎಡಕ್ಕೆ ಸರಿದಿದ್ದ ನಾನು. ಕುಂಕುಮ ಸರಿ ಮಾಡಿಕೊಂಡೆ. ಅಷ್ಟಕ್ಕೆ ಬಹಳ ಚೆನ್ನಾದ ಯಂತ್ರ ಅದು.

ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ನಾನು ಓದುವಾಗ ನಮಗೆಲ್ಲ ಸೇರಿ ಒಂದೇ ಕನ್ನಡಿ. ಅದನ್ನೂ ಸಿಸ್ಟರ್ ಎಷ್ಟು ಎತ್ತರದಲ್ಲಿ ತೂಗುಹಾಕಿಸಿದ್ದರೆಂದರೆ ತುದಿಗಾಲಲ್ಲಿ ನಿಂತರೂ ಬೈತಲೆಯಷ್ಟೇ ಕಾಣುತ್ತಿತ್ತು. ತನ್ನ ಮುಖವನ್ನೇ ನೋಡುತ್ತ ನಿಂತವಳಿಗೆ ಹಿಂದೆ ಬಂದು ನಿಂತವಳು ಕಾಣುವುದಿಲ್ಲ ಎಂಬುದು ಅವರ ಉಪದೇಶ. ಆಗ ಅದು ಬಾಚಣಿಕೆ ಕಿತ್ತುಕೊಳ್ಳುವ ಒಂದು ನೆಪವಾಗಿ ಕಂಡಿತ್ತು. ನಿಪ್ಪಾಣಿಯ ರಸ್ತೆಯಲ್ಲಿ ನಿಂತಾಗ ಮಾತ್ರ ಅವರು ಲ್ಯಾಪ್‌ಟಾಪಿನ ಬಗ್ಗೆಯೇ ಹೇಳಿದ್ದರೇನೋ ಅನ್ನಿಸಿತು. ಕಿಟಕಿಯಾಗಬೇಕಾದ್ದು ಕನ್ನಡಿಯಾದರೆ ಹೊಲದಲ್ಲಿ ಅದರಿಂದ ಏನು ಉಪಯೋಗ? ಸರ್ ತಮ್ಮ ಮೀಸೆ ನೋಡಿಕೊಳ್ಳಬಹುದು ಅಷ್ಟೆ.

ಹೀಗೆ ಇನ್ನೂ ಕೆಲವು ಹೊರಗೆ ಬಂದು ಒಳಗೆ ಹೋದವು. ಚಹಾದ ಅಂಗಡಿಯವರು ಕುತೂಹಲದಿಂದ ಎದ್ದು ಬಂದು ನಮ್ಮ ಜೊತೆ ನಿಂತರು. ಕೊನೆಗೆ ಮೂಲೆಯಲ್ಲಿದ್ದ ಒಂದನ್ನು ತರಿಸಿದೆ. ದಪ್ಪ, ಮಾಸಲು ಕಪ್ಪು, ಹೊಳಪೆನ್ನುವುದೇ ಇಲ್ಲ, ನೆಲ ಒರೆಸಿ ಆರಿದ ಮೇಲೆ ಇರುತ್ತದಲ್ಲ, ಆ ಥರದ ಪರದೆ. ಆಫೀಸಿನವರು ಒಯ್ಯುವ ಮಾಲು, ಮನೆಯವರು ಯಾರೂ ಕೇಳುವುದಿಲ್ಲ ಎಂದು ಮಾಲಕರು ಸಂಕೋಚದಿಂದಲೇ ಹೇಳಿದರು. ಆದರೆ ಬಿಸಿಲಿನಲ್ಲಿ ಹಕ್ಕಿ ಕಂಡಿತು. ಬೆರಳು ಕಾಣಲಿಲ್ಲ, ಹಕ್ಕಿ ಕಂಡಿತು. ಬ್ಯಾಟರಿ ಕಳಚಿ ಇನ್ನೊಂದು ಹಾಕಬಹುದು, ಕ್ಯಾಮೆರಾದ ಚೀಟಿಯಂಥ ಕಾರ್ಡು ತೂರಿಸಲು ಬದಿಯಲ್ಲಿ ಸೀಳೂ ಇತ್ತು. ನಮ್ಮವರು ಸೌಂಡು ಹಾಕಿ ನೋಡಿ, ಡಬ್ಬಿಯೊಳಗಿಂದ ಮಾತಾಡಿದಂಗ ಐತಿ ಎಂದು ಮುಖ ಸಣ್ಣ ಮಾಡಿದರು. ಮರಳುವಾಗ ಎದೆಗವಚಿಕೊಂಡು ಕೂತಿದ್ದು ನಾನೇ. ಮನೆಯಲ್ಲಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕೀಲಿಗಳ ಸಂದಿಗೆ ಉದುರದಂತೆ ಮುಚ್ಚಳದ ಮೇಲಷ್ಟೇ ಹಚ್ಚಿ, ಕಾಯಿ ಒಡೆದು, ಮಗಳನ್ನೂ ಸೈಕಲ್ಲನ್ನೂ ವ್ಯಾನಿಗೆ ಹಾಕಿಕೊಂಡು ಟ್ರ್ಯಾಕಿಗೆ ಹೋದೆವು.

ನಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತೆ, ಜಾಲಿಗಿಡದ ಹತ್ತಿರ, ನೀರಿನ ಬಾಟಲಿ ಹಿಡಿದುಕೊಂಡು. ಅಲ್ಲಷ್ಟೇ ಚೂರು ನೆರಳಿರುವುದು. ಶ್ರಾವಣಿ ಒಂದಷ್ಟು ಸುತ್ತು ಹೊಡೆದು ಬಂದಳು. ಸರ್ ವ್ಯಾನಿನ ಹಿಂದಿನ ಬಾಗಿಲೆತ್ತಿ, ಗೋಣೀಚೀಲ ಹಾಸಿ, ಅದರ ಮೇಲೆ ಹೊಸ ಲ್ಯಾಪ್‌ಟಾಪನ್ನಿಟ್ಟು ಕಾರ್ಡು ತೂರಿಸಿದರು. ಕೆಳಗಡೆ ಗೆರೆ, ಮೇಲುಗಡೆ ವಿಡಿಯೊ. ಸಂಜೆಯ ಓರೆ ಬಿಸಿಲು ನೇರ ಬೀಳುತ್ತಿದ್ದರೂ ಎಲ್ಲ ಕಾಣುತ್ತಿತ್ತು. ನಾನು ನಮ್ಮವರ ಕಡೆ ಒಮ್ಮೆ ನೋಡಿದೆ, ಅಷ್ಟೆ.

ಗೆರೆ ಮತ್ತೆ ಅಲ್ಲೇ ಇಳಿದಿತ್ತು. ಗಾಳಿ ಆ ಕಡೆಯಿಂದ ಬೀಸುತ್ತದೆ ಎಂದರು ನಮ್ಮವರು. ತಿರುವಿನಲ್ಲಿ ಮೊರಂ ಸಡಿಲಾಗಿದೆಯೇನೋ ಎಂದರು ಸರ್. ನಾನು ಭುಜವನ್ನೂ ನೋಡಲಿಲ್ಲ, ಗೆರೆಯನ್ನೂ ನೋಡಲಿಲ್ಲ. ಮಗಳ ಮುಖ ನೋಡುತ್ತಿದ್ದೆ. ತುಳಿಯುವಾಗ ಇಷ್ಟು ಚೆಂದ ಕಾಣುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕಚ್ಚಿದ ತುಟಿ, ಕೆಳಗೇ ನೆಟ್ಟ ಕಣ್ಣು. ತಿರುವು ಬಂತು. ಕಚ್ಚಿದ ತುಟಿ ಸಡಿಲಾಯಿತು, ಕಣ್ಣು ಎಡಕ್ಕೆ ಹೊರಳಿತು. ಮರುಗಳಿಗೆಗೆ ಅವಳ ಭುಜದ ಹಿಂದಿನಿಂದ ಒಂದು ಹಸಿರು ಸೀರೆ ಮೇಲೆದ್ದಿತು. ಬಾಟಲಿ ಇಲ್ಲದ ಕೈಯನ್ನು ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಹಿಟ್ಟು ತಟ್ಟುವ ಹಾಗೆ ಗಾಳಿಯನ್ನು ತಟ್ಟುತ್ತ, ಸೀರೆಯೊಳಗಿನ ಹೆಂಗಸು ಕೂಗುತ್ತಿದ್ದಳು. ಡಬ್ಬಿಯೊಳಗಿಂದ ಮಾತಾಡಿದಂತಿದ್ದರೂ ಸ್ಪಷ್ಟವಾಗಿಯೇ ಕೇಳಿತು:

"ಸಾವಕಾಶ!"

ಸರ್ ಮುಂದಿನ ಸುತ್ತಿನ ವಿಡಿಯೊ ಹಾಕಿದರು. ಸಾವಕಾಶ. ಅದರ ಮುಂದಿನದು. ಅದರಲ್ಲೂ.

ಮುಖ ಕಾಣುತ್ತದೆಂದು ಅಷ್ಟು ಕನ್ನಡಿಗಳನ್ನು ತಿರಸ್ಕರಿಸಿ, ಹುಡುಕಿ ಹುಡುಕಿ ಮಬ್ಬು ಪರದೆಯದನ್ನು ತಂದಿದ್ದೆ. ಅದರಲ್ಲೂ ಕೊನೆಗೆ ಕಂಡದ್ದು ನಾನೇ.

ನಮ್ಮವರ ಭುಜಗಳು ನಗುವಿಗೆ ಅಲ್ಲಾಡುತ್ತಿದ್ದವು. ಶ್ರಾವಣಿ ಪರದೆಯನ್ನೂ ನನ್ನನ್ನೂ ನೋಡಿ, ನಗಬೇಕೋ ಬೇಡವೋ ತಿಳಿಯದೆ, "ನನಗ ಗೊತ್ತ ಇಲ್ಲ ಮಮ್ಮಿ. ನೀ ಅಂದ ಕೂಡ್ಲೆ ಕೈ ತಾನ ಬ್ರೇಕಿನ ಮ್ಯಾಲ ಹೋಗ್ತೈತಿ," ಎಂದಳು.

ಹೋಗದೆ ಏನು ಮಾಡೀತು? ನಡೆಯಲು ಕಲಿತಾಗಿನಿಂದ ಆ ಮಾತು ಕೇಳಿ ಬೆಳೆದ ಕೈ. ನನ್ನ ಅವ್ವ ನನಗೆ ಹೇಳಿದ್ದು, ಅವಳಿಗೆ ಅವಳವ್ವ ಹೇಳಿದ್ದು. ಗಾಡಿ ಮಗುಚಿ, ಹಳ್ಳ ಬಂದು, ಹೊರಟವರು ಯಾವಾಗ ಮುಟ್ಟಿದರೆಂದು ತಿಳಿಯಲು ದಿನಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ಮಾತಿರಬೇಕು ಅದು. ಜೋರಾಗಿ ಹೋಗು ಎಂದು ಹರಸುವ ಜನ ಎಲ್ಲಾದರೂ ಇದ್ದಾರೋ ಇಲ್ಲವೋ, ನಾನು ಕಾಣೆ. ನಮ್ಮಲ್ಲಂತೂ ಪ್ರೀತಿಯೆಂದರೆ ಬ್ರೇಕು ಹಿಡಿಯುವುದೇ. ಆದರೆ ಶರ್ಯತ್ತಿಗೆ ಬಿಟ್ಟ ಹುಡುಗಿಗೆ ಸುತ್ತುಸುತ್ತಿಗೂ ನಿಧಾನ ನಿಧಾನ ಎಂದು ಕೂಗುವ ತಾಯಿ ಬಹುಶಃ ನಾನೊಬ್ಬಳೇ ಇರಬೇಕು.

ಕುಂಬಾರ ಸರ್ ಬಹಳ ಮರ್ಯಾದಸ್ಥರು. ಗಂಟಲು ಸರಿಮಾಡಿಕೊಂಡು, "ವೈನಿ, ಬಿಸಲಾಗ ಬಾಳೊತ್ತಿನಿಂದ ನಿಂತೀರಿ. ವ್ಯಾನಿನ್ಯಾಗ ಸ್ವಲ್ಪ ಕುಂದರ್ರಿ," ಎಂದರು. ನಾನು ಹೋಗಿ ಗಾಜು ಏರಿಸಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಶ್ರಾವಣಿ ಮತ್ತೆ ಸುತ್ತಿಗೆ ಹೊರಟಳು. ಜಾಲಿಗಿಡದ ತಿರುವಿನಲ್ಲಿ ಅವಳು ಬಾಗಿದಾಗ ಮಾತು ನಾಲಿಗೆಯವರೆಗೆ ಬಂದಿತ್ತು. ಸೆರಗು ಕಚ್ಚಿದೆ. ಅವಳು ಎಡಕ್ಕೆ ನೋಡಲಿಲ್ಲ. ಅದನ್ನು ಕಂಡು ಒಂದು ಕ್ಷಣ ಮನಸ್ಸಿಗೆ ಪಿಚ್ಚೆನ್ನಿಸಿತು ಎಂದು ನಿಮಗೆ ಮಾತ್ರ ಹೇಳುತ್ತೇನೆ. ಆಮೇಲೆ ಲ್ಯಾಪ್‌ಟಾಪಿನ ಹತ್ತಿರದಿಂದ ಸರ್ ಕೈ ಎತ್ತಿ ತೋರಿಸಿದರು. ಗೆರೆ ಇಳಿದಿರಲಿಲ್ಲ. ತಿರುವಿನುದ್ದಕ್ಕೂ ಜರಿಯಂಚಿನ ಹಾಗೆ ಸರಾಗವಾಗಿ ಹೋಗಿತ್ತು. ಶ್ರಾವಣಿ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮನೆಗೆ ಮರಳುವಾಗ, ಬೆಳಗಾವಿಗೆ ಯಾವ ಸಾಕ್ಸು ಹಾಕಿಕೊಂಡು ಹೋಗಲಿ ಎಂದು ಕೇಳಿದಳು. ಸೈಕಲ್ ಬಿಡುವವಳು ಸಾಕ್ಸಿನ ಬಣ್ಣ ಕೇಳುವುದಿಲ್ಲ.

ಮನೆಗೆ ಬಂದು ಒಗ್ಗರಣೆಗೆ ಇಡುವಾಗ ನೋಡಿದರೆ ಕೊತ್ತಂಬರಿ ಇಲ್ಲ. ಓಣಿಯ ಕೊನೆಯ ಅಂಗಡಿಯಿಂದ ತರಲೆಂದು ಶ್ರಾವಣಿ ಸೈಕಲ್ಲು ಹೊರಗೆ ತೆಗೆದಳು. ನಾನು ಎಂದಿನ ಹಾಗೆ ಗೇಟಿನವರೆಗೆ ಹೋದೆ. ಬಾಯಿ ತೆರೆದೆ, ಅರ್ಧ ಮಾತು ಬಂದೇಬಿಟ್ಟಿತ್ತು, ನುಂಗಿಕೊಂಡೆ. ಅವಳು ಪೆಡಲಿನ ಮೇಲೆ ಕಾಲಿಟ್ಟು, ಹುಬ್ಬೇರಿಸಿ, ಕಾಯುತ್ತ ನಿಂತಿದ್ದಳು.

"ಜೋರ್ ಹೋಗ," ಎಂದೆ.

ಕೊತ್ತಂಬರಿಗೆ ಅಷ್ಟು ವೇಗ ಬೇಕಿರಲಿಲ್ಲ. ಅವಳು ಕಿಲಕಿಲ ನಗುತ್ತ ಒಮ್ಮೆಯೂ ಹಿಂದಿರುಗಿ ನೋಡದೆ ಹೋದಳು.

ಪಕ್ಕದ ಮನೆಯ ಕಟ್ಟೆಯ ಮೇಲೆ ಅಕ್ಕಾತಾಯಿ ಕಾಕು ಮೊರದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಅಂದದ್ದು ಅವರ ಕಿವಿಗೂ ಬಿದ್ದಿತ್ತು. ತಲೆ ಎತ್ತದೆಯೇ ಕೇಳಿದರು:

"ಏನವಾ, ಮುಂಜಾನೆ ಚಲೋ ಇದ್ರಲ್ಲ. ಮಗಳ ಜೋಡಿ ಜಗಳ ತಗದಿಯೇನ?"