ಹೊರಗೆ ಕೂತು ಓದಿದ ಅಸ್ತಿತ್ವವಾದ

ಬಿ.ಎ.ಗೆ ನಾನು ತತ್ತ್ವಶಾಸ್ತ್ರ ತೆಗೆದುಕೊಂಡಾಗ ಅಪ್ಪ ಬೇಡ ಎನ್ನಲಿಲ್ಲ. ತತ್ತ್ವಶಾಸ್ತ್ರ ಎಂದರೆ ವೇದಾಂತ ಎಂದೇ ಅವರು ತಿಳಿದಿದ್ದರು. ನಮ್ಮ ಓಣಿಯ ಕೊನೆಯಲ್ಲಿದ್ದ ಸಣ್ಣ ದೇವಸ್ಥಾನದಲ್ಲಿ ಅವರು ಅರ್ಚಕರು. ತೀರ್ಥ ಕೊಡುತ್ತಾ ಬಂದವರಿಗೆಲ್ಲ "ಮಗಳು ವೇದಾಂತ ಓದ್ತಾಳೆ, ಸಿಸ್ಟರುಗಳ ಕಾಲೇಜಿನಲ್ಲಿ" ಎಂದು ಹೇಳುತ್ತಿದ್ದರು. ಕೊನೆಯ ವರ್ಷದ ಪಾಠದಲ್ಲಿ ಅಸ್ತಿತ್ವವಾದ ಎಂಬುದೊಂದಿದೆ, ಅದರಲ್ಲಿ ದೇವರೇ ಇಲ್ಲ ಎನ್ನುವವರೂ ಇದ್ದಾರೆ ಎಂದು ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮಂಥ ಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಾಳೆ ಎಂಬುದೇ ಸುದ್ದಿ. ಅಲ್ಲಿ ಏನು ಓದುತ್ತಾಳೆಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ತರಗತಿಯಲ್ಲಿ ನಾವು ಬೆರಳೆಣಿಕೆಯಷ್ಟು ಜನ. ಪಾಠ ಮಾಡುತ್ತಿದ್ದ ಸಿಸ್ಟರ್ ಬಿಳಿಯ ನಿಲುವಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಮನುಷ್ಯನಿಗೆ ಮೊದಲೇ ಬರೆದಿಟ್ಟ ಅರ್ಥವಿಲ್ಲ, ಅವನು ಆರಿಸಿಕೊಂಡದ್ದೇ ಅವನು, ಆ ಆಯ್ಕೆಯಲ್ಲಿ ಅವನು ಒಬ್ಬನೇ ಎಂದು ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ವಿವರಿಸುತ್ತಿದ್ದರು. ಗಂಟೆ ಹೊಡೆಯುವಾಗ ಕನ್ನಡಕ್ಕೆ ಇಳಿದು ಹೇಳುತ್ತಿದ್ದರು, "ಇದೆಲ್ಲ ಪರೀಕ್ಷೆಗೆ ಓದ್ಲಿಕ್ಕೆ ಮಕ್ಕಳೇ, ನಂಬ್ಲಿಕ್ಕೆ ಅಲ್ಲ." ಉಳಿದವರು ಆ ಮಾತನ್ನು ಪಾಲಿಸಿದರು. ನಾನು ಪಾಲಿಸಲಿಲ್ಲ. ಎಲ್ಲರ ನಡುವೆ ಇದ್ದೂ ಒಬ್ಬಳೇ ಆಗಿರುವುದು ಏನೆಂದು ನನಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೊಂದು ಹೆಸರಿದೆ, ದೂರದೇಶದವರೂ ಅದರ ಮೇಲೆ ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ ಎಂದು ತಿಳಿದು ಖುಷಿಯಾಗಿತ್ತು, ಅಷ್ಟೇ.

ನನ್ನಮ್ಮ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದಳು. ಮನೆ ನಡೆಸುತ್ತಿದ್ದವರು ಅಪ್ಪನ ಅಕ್ಕ, ನನ್ನ ಅತ್ತೆ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿ ಅವರ ಮಾತನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ, ಅವರ ಕಟುತನ ಅರ್ಧವೂ ಬರುವುದಿಲ್ಲ. ಮಡಿ ಮೈಲಿಗೆಯಲ್ಲಿ ಅತ್ತೆಯ ಮಾತಿಗೆ ಎದುರಿಲ್ಲ. ತಿಂಗಳ ಮುಟ್ಟಾದರೆ ನಾನು ಹೊರಗೆ ಕೂರಬೇಕು. ಹಿತ್ತಲ ಕಡೆಗೆ ಬಾಗಿಲಿದ್ದ, ಕಟ್ಟಿಗೆ ಇಡುವ ಕೋಣೆಯ ಒಂದು ಮೂಲೆ, ಒಂದು ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಯಾರನ್ನೂ ಮುಟ್ಟುವಂತಿಲ್ಲ. ಕಾಲೇಜಿಗೆ ಮಾತ್ರ ಅಡ್ಡಿಯಿರಲಿಲ್ಲ: ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದಲೇ ಬರಬೇಕು. ಬಸ್ಸಿನಲ್ಲಿ ಯಾರ ಮೈಗೆಲ್ಲ ತಾಗಿದರೂ ಪರವಾಗಿಲ್ಲ, ನಮ್ಮ ಚಾವಡಿಯ ಕಂಬಕ್ಕೆ ತಾಗಬಾರದು.

ಈಗಿನವರು ಕೇಳಿದರೆ ಸಿಟ್ಟಾಗುತ್ತಾರೆ. ನನಗೂ ಸಿಟ್ಟಿತ್ತು. ಆದರೆ ನಿಜ ಹೇಳುತ್ತೇನೆ, ಓದಲು ನನಗೆ ಸಿಕ್ಕುತ್ತಿದ್ದದ್ದು ಆ ಮೂಲೆ ಒಂದೇ. ಅಲ್ಲಿ ಕೂತಾಗ ನೀರು ಸೇದು ಎನ್ನುವವರಿಲ್ಲ, ಹೂ ಕಟ್ಟು ಎನ್ನುವವರಿಲ್ಲ. ಉಳಿದ ದಿನಗಳಲ್ಲಿ ದೇವಸ್ಥಾನಕ್ಕೆ ಹೂ ತುಳಸಿ ಕೊಯ್ದು ಮಾಲೆ ಕಟ್ಟುವುದು ನನ್ನ ಕೆಲಸ. ಅತ್ತೆಗೆ ಕಣ್ಣು ಮಂಜಾಗಿತ್ತು. ನಾನು ಹೊರಗಾದರೆ ಅಪ್ಪನೇ ಬಾಳೆನಾರು ಹಿಡಿದು ಒದ್ದಾಡುತ್ತಿದ್ದರು. ಮಂತ್ರ ಎಷ್ಟು ಸರಾಗವೋ ಗಂಟು ಅಷ್ಟೇ ಸಡಿಲ.

ಕೊನೆಯ ವರ್ಷದ ನಡುವಿನಲ್ಲಿ ಒಂದು ಸಂಬಂಧ ಬಂತು. ಕೂಳೂರು ಸೇತುವೆಯ ಆಚೆಯ ಮನೆಯವರು, ಹುಡುಗ ಆಫೀಸಿನಲ್ಲಿ ಗುಮಾಸ್ತ. ಒಪ್ಪಿಗೆಯಾದರೆ ಪರೀಕ್ಷೆಗೆ ಮೊದಲೇ ಮುಹೂರ್ತ ಬೇಕಂತೆ. ಆ ಡಿಗ್ರಿ ಒಂದು ಕೈಗೆ ಬಂದರೆ ಎಲ್ಲಿಯಾದರೂ ಶಾಲೆಯಲ್ಲಿ ಕಲಿಸಬಹುದು, ನನ್ನದು ಎನ್ನಲು ಏನಾದರೂ ಇರುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಮದುವೆಯಾಗಿ ಹೋದವಳನ್ನು ಪರೀಕ್ಷೆಗೆ ಕಳಿಸುವವರು ಯಾರು? ಮೆಲ್ಲಗೆ ಅತ್ತೆಯ ಹತ್ತಿರ ಹೇಳಿ ನೋಡಿದೆ.

"ಪರೀಕ್ಷೆ ಪಾಸಾಗಿ ಎಂತ, ಕಲೆಕ್ಟರ್ ಆಗ್ಲಿಕ್ಕುಂಟಾ ನಿನಗೆ?" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಅವರು ಹೆಣ್ಣು ನೋಡಲು ಬಂದ ದಿನ ನಾನು ನಿಜವಾಗಿಯೂ ಹೊರಗಾಗಿದ್ದೆ. ಬೆಳಿಗ್ಗೆಯಷ್ಟೇ ಆದದ್ದು, ಸುದ್ದಿ ಮುಟ್ಟಿಸಲು ಸಮಯವಿರಲಿಲ್ಲ. ಬಂದವರು ಚಾವಡಿಯಲ್ಲಿ ಕಾಫಿ ಕುಡಿದು, ಅವಲಕ್ಕಿ ತಿಂದು, ಇನ್ನೊಮ್ಮೆ ಬರುತ್ತೇವೆಂದು ಹೊರಟರು. ನಾನು ಕಟ್ಟಿಗೆಯ ನಡುವೆ ಕೂತು ಅವರ ಚಪ್ಪಲಿಯ ಸದ್ದು ಓಣಿಯಲ್ಲಿ ದೂರವಾಗುವುದನ್ನು ಕೇಳಿದೆ. ಆಗಲೇ ನನಗೆ ಉಪಾಯ ಹೊಳೆದದ್ದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವಳಿಗೆ ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿ ಸಿಗಬೇಕು?

ಎರಡನೆಯ ಸಲ ಅವರು ಬರುವ ಹಿಂದಿನ ದಿನ ನಾನು ಹಿತ್ತಲಿಗೆ ಹೋಗಿ ನಿಂತು, ಒಳಗೆ ಬರದೆ, "ಅತ್ತೇ, ನಾನು ಹೊರಗೆ" ಎಂದೆ. ಸುಳ್ಳು. ಅತ್ತೆ ಒಲೆಯ ಮುಂದಿನಿಂದ ತಿರುಗಿ ನನ್ನನ್ನು ನೋಡಿದರು. "ಬೇಗ ಆಯ್ತಲ್ಲ ಈ ಸಲ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೇಡದ ವಿವರಣೆಯನ್ನೆಲ್ಲ ಕೊಟ್ಟೆ. ಅವರು ನಂಬಿದರು. ಬರುವವರಿಗೆ ಬರಬೇಡಿ ಎಂದು ಹೇಳಿಕಳಿಸಿದರು. ನಾನು ಚಾಪೆಯ ಮೇಲೆ ಕೂತು, ಸ್ವಾತಂತ್ರ್ಯದ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಯ್ಕೆ ಮಾಡಿದ್ದೇನೆ, ಪಾಠವನ್ನು ಬದುಕಿದ್ದೇನೆ ಎಂದು ಹೆಮ್ಮೆ. ಅಹಂಕಾರಕ್ಕೆ ಉದಾಸೀನವೇ ಮದ್ದು ಎನ್ನುತ್ತಾರೆ. ನನಗೆ ಬೇರೆ ಮದ್ದು ಕಾದಿತ್ತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿ ಒಳಗೆ ಬಂದೆ. ಅದಾಗಿ ಸ್ವಲ್ಪ ದಿನಕ್ಕೆ ನಿಜವಾದದ್ದು ಬಂತು. ಇಷ್ಟೆಲ್ಲ ಓದಿದವಳು ಅದೊಂದನ್ನು ಯೋಚಿಸಿರಲಿಲ್ಲ. ಮತ್ತೆ ಹೊರಗೆ ಎಂದರೆ ಅತ್ತೆಗೆ ಎಲ್ಲ ತಿಳಿಯುತ್ತದೆ. ಹೇಳದಿದ್ದರೆ ಒಳಗಿರಬೇಕು, ಒಳಗಿದ್ದರೆ ಹೂ ಕಟ್ಟಬೇಕು.

ನಾನು ಕಟ್ಟಿದೆ. ಬೆಳಿಗ್ಗೆ ಬುಟ್ಟಿ ಹಿಡಿದು ಕೇಪಳ, ನಂದಬಟ್ಟಲು, ದಾಸವಾಳ ಕೊಯ್ದೆ. ಕಟ್ಟೆಯ ತುಳಸಿಯ ಮುಂದೆ ಕೈ ನಿಂತಿತು. ಹೊರಗಾದವಳು ಮುಟ್ಟಿದರೆ ತುಳಸಿ ಬಾಡುತ್ತದೆ ಎಂದು ಅತ್ತೆ ಎಷ್ಟು ಸಲ ಹೇಳಿದ್ದರೋ. ಅದನ್ನೂ ಕೊಯ್ದೆ. ನಾರು ಎಳೆಯುವಾಗ ಗಂಟು ತಪ್ಪಿ ಮಾಲೆ ಅಪ್ಪ ಕಟ್ಟಿದ್ದಕ್ಕಿಂತ ಕಡೆಯಾಯಿತು. ಅಪ್ಪ ಅದನ್ನು ಮಡಿಯಲ್ಲಿ ಎತ್ತಿಕೊಂಡು ಹೋದರು. ಮುಟ್ಟಿನ ಬಟ್ಟೆಯನ್ನು ಒಗೆದು, ಒದ್ದೆ ಲಂಗದ ಅಡಿಯಲ್ಲಿ ಮರೆಮಾಡಿ ಒಣಗಿಸಿದೆ.

ನನಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದದ್ದು ಭಯ. ಅಪ್ಪ ಮೆಟ್ಟಿಲಿನಲ್ಲಿ ಜಾರುತ್ತಾರೆ, ನಂದಾದೀಪ ಆರುತ್ತದೆ, ಯಾರೋ ಓಡಿಬಂದು ಹೇಳುತ್ತಾರೆ ಎಂದು ಕಾದೆ. ಅಪ್ಪ ಯಾವತ್ತಿನಂತೆ ಬಂದು, ಪ್ರಸಾದವನ್ನು ನನ್ನ ಕೈಗೆ ಹಾಕಿ, ಊಟಕ್ಕೆ ಕೂತರು. ತುಳಸಿ ನಾಚಿಕೆಯಿಲ್ಲದೆ ಚಿಗುರಿತು. ಏನೂ ಆಗಲಿಲ್ಲ. ನೋಡುವವರು ಯಾರೂ ಇಲ್ಲ ಎಂದು ನಾನು ಪುಸ್ತಕದಲ್ಲಿ ಅಡಿಗೆರೆ ಹಾಕಿದ್ದೆ. ಅದು ನಿಜವಿರಬಹುದು ಎಂದು ಅಡುಗೆಮನೆಯ ನಡುವೆ ನಿಂತಾಗ ಅನಿಸಿದ್ದು ಮಾತ್ರ ಅಡಿಗೆರೆ ಹಾಕಿದಷ್ಟು ಸುಲಭವಾಗಿರಲಿಲ್ಲ. ಹೊರಗಿನ ಮೂಲೆಯಲ್ಲಿ ಕೂತವಳು ಒಬ್ಬಳೇ ಎಂದು ಎಲ್ಲರಿಗೂ ಗೊತ್ತಿರುತ್ತದೆ. ತಟ್ಟೆಯನ್ನಾದರೂ ದೂಡಿ ಇಡುತ್ತಾರೆ. ಒಳಗೆ ಎಲ್ಲರ ನಡುವೆ ಓಡಾಡುತ್ತಿದ್ದ ನಾನು ಒಬ್ಬಳೇ ಎಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಒಂಟಿತನವನ್ನು ನಾನು ಆಮೇಲೆ, ಗಂಡ ತೀರಿಕೊಂಡಾಗಲೂ ಕಂಡಿಲ್ಲ.

ಆ ವಾರ ತರಗತಿಯಲ್ಲಿ ಎದ್ದು ಕೇಳಿದೆ, "ಸಿಸ್ಟರ್, ತಪ್ಪು ಮಾಡಿದವರಿಗೆ ಏನೂ ಆಗದಿದ್ದರೆ? ಅವರು ಯಾರ ಹತ್ತಿರ ಹೋಗುವುದು?"

ಸಿಸ್ಟರ್ ಪುಸ್ತಕ ಮಡಚಿದರು. "ನಮ್ಮಲ್ಲಾದರೆ ಕನ್ಫೆಶನ್ ಉಂಟು. ಇವರ ಪುಸ್ತಕದಲ್ಲಿ ಅದಿಲ್ಲ. ಅದೇ ಇವರ ಕಷ್ಟ."

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಬಿಕರ್ನಕಟ್ಟೆಯ ಕ್ರೈಸ್ತರ ಹುಡುಗಿ. ಶನಿವಾರ ಪಾದ್ರಿಗಳ ಕಿವಿಯಲ್ಲಿ ವಾರದ್ದೆಲ್ಲ ಸುರಿದು, ಹಗುರಾಗಿ ಹೊರಗೆ ಬಂದು ಐಸ್‌ಕ್ಯಾಂಡಿ ತಿನ್ನುತ್ತಿದ್ದಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮನೆಯಲ್ಲಿ ಪ್ರಾಯಶ್ಚಿತ್ತವಿತ್ತು, ಪಂಚಗವ್ಯವಿತ್ತು. ಕೇಳುವ ಕಿವಿ ಇರಲಿಲ್ಲ. ಇರಲಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಮುಂದಿನ ತಿಂಗಳು ಅತ್ತೆ ಮತ್ತೆ ಹೇಳಿದರು, "ಆದಿತ್ಯವಾರ ಅವರು ಬರ್ತಾರೆ. ಈ ಸಲ ಲೆಕ್ಕ ಹಾಕಿಯೇ ದಿನ ಕೊಟ್ಟಿದ್ದೇನೆ." ಮತ್ತೊಮ್ಮೆ ಆ ಸುಳ್ಳು ಹೇಳಲು ನನ್ನಿಂದ ಸಾಧ್ಯವಿರಲಿಲ್ಲ. ಸುಳ್ಳಿಗಲ್ಲ, ಅದರ ಹಿಂದೆ ಬರುವ ದಿನಗಳಿಗೆ ಹೆದರಿದ್ದೆ. ಸಂಜೆ ಅಪ್ಪ ದೇವಸ್ಥಾನದ ಅಂಗಳದಲ್ಲಿ ದೀಪದ ಬತ್ತಿ ಹೊಸೆಯುತ್ತಾ ಒಬ್ಬರೇ ಕೂತಿದ್ದಾಗ ಹೋದೆ. ಹುಟ್ಟಿದಂದಿನಿಂದ ಅವರೆದುರು ನಿಂತು ಬೇಡ ಎಂದವಳಲ್ಲ.

"ಅಪ್ಪ, ಪರೀಕ್ಷೆ ಮುಗಿಯದೆ ನಾನು ಯಾರೆದುರೂ ಕೂರುವುದಿಲ್ಲ. ಮದುವೆ ಬೇಡ ಅಂತ ಅಲ್ಲ. ಮೊದಲು ಡಿಗ್ರಿ ಆಗ್ಬೇಕು ನನಗೆ."

ಅಪ್ಪ ಬತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಇಷ್ಟೇನಾ? ಇದನ್ನು ಮೊದಲೇ ಹೇಳ್ಲಿಕ್ಕೆ ಆಗ್ತಿರಲಿಲ್ವಾ?" ಎಂದರು. "ನಾಲ್ಕು ತಿಂಗಳು ಕಾಯ್ಲಿಕ್ಕೆ ಆಗದವರ ಮನೆಗೆ ಕೊಡುವುದಾದರೂ ಯಾಕೆ? ಬರುವುದು ಬೇಡ ಅಂತ ನಾಳೆಯೇ ಹೇಳಿಕಳಿಸ್ತೇನೆ. ನೀನು ಪುಸ್ತಕ ಹಿಡ್ಕೊಂಡು ಸುಮ್ಮನೆ ಇದ್ದೆ, ಈ ಸಂಬಂಧಕ್ಕೆ ನಿನಗೂ ಮನಸ್ಸುಂಟು ಅಂತ ನಾನು ತಿಳ್ಕೊಂಡದ್ದು. ಅಮ್ಮ ಇದ್ದಿದ್ದರೆ ಅವಳ ಹತ್ರ ಹೇಳ್ತಿದ್ದಿ. ನನ್ನ ಹತ್ರ ಹೇಳ್ಬಾರದು ಅಂತ ಉಂಟಾ?"

ಅತ್ತೆಯ ಹತ್ತಿರ ಕೇಳಿದ್ದೆ, ಸಿಸ್ಟರ್ ಹತ್ತಿರ ಕೇಳಿದ್ದೆ, ನೂರಾರು ಪುಟದ ಪುಸ್ತಕದ ಹತ್ತಿರವೂ ಕೇಳಿದ್ದೆ. ಒಂದೇ ಮನೆಯಲ್ಲಿ ಉಂಡು ಮಲಗುವ ಈ ಮನುಷ್ಯನ ಹತ್ತಿರ ಮಾತ್ರ ಕೇಳಿರಲಿಲ್ಲ. ಮಾಡಿದ್ದನ್ನೆಲ್ಲ ಆಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಗರ್ಭಗುಡಿಯ ಬಾಗಿಲು ಅವರ ಬೆನ್ನ ಹಿಂದೆಯೇ ತೆರೆದಿತ್ತು. ಬಂದದ್ದು ಅಳು.

ಅಪ್ಪನಿಗೆ ಗಾಬರಿಯಾಯಿತು. ಮಡಿಯಲ್ಲಿದ್ದರು, ಮುಟ್ಟಿ ಸಮಾಧಾನ ಮಾಡುವಂತಿರಲಿಲ್ಲ. ಎದ್ದು ಬಂದು ಒಂದು ಮಾರು ದೂರದಲ್ಲಿ ನಿಂತರು.

"ಅಳುವುದು ಎಂತಕ್ಕೆ? ನೀನು ಹೇಳಿದ ಹಾಗೆಯೇ ಆಯ್ತಲ್ಲ?"

"ಆಯ್ತು ಅಪ್ಪ" ಎಂದೆ.