ಅಜ್ಜಿಯ ಪಡ್ಲಿಗಿ

ಅಟ್ಟ ಗುಡಿಸುವಾಗ ಅಜ್ಜಿಯ ಪಡ್ಲಿಗಿ ಸಿಕ್ಕಿತು. ಆ ಬಿದಿರಿನ ಬುಟ್ಟಿಯ ಹೆಣಿಕೆಯಲ್ಲಿ ಭಂಡಾರದ ಅರಿಸಿನ ವಾಸನೆ ಇನ್ನೂ ಕುಳಿತಿತ್ತು.

ನಮ್ಮೂರು ಸುರೇಬಾನದಲ್ಲಿ, ವರ್ಷಕ್ಕೊಂದು ಮಂಗಳವಾರ ಅಜ್ಜಿ ಇದನ್ನು ಹಿಡಿದು, ಬರಿಗಾಲಲ್ಲಿ, ಗುಡ್ಡದ ಎಲ್ಲಮ್ಮನ ಹೆಸರಿನಲ್ಲಿ ಐದು ಮನೆ ಜೋಗ ಬೇಡುತ್ತಿದ್ದಳು. ನಮ್ಮ ಮನೆಯಲ್ಲೇ ಚೀಲಗಟ್ಟಲೆ ಜೋಳವಿತ್ತು.

"ಮತ್ತ ಬೇಡೂದ್ಯಾಕ?" ಎಂದು ಕೇಳಿದ್ದೆ.

"ಆ ಜೋಳಾನೂ ಎಲ್ಲವ್ವನ ಕೊಟ್ಟಿದ್ದು. ಕೈ ಒಡ್ಡಿದ್ರ ನೆನಪ ಇರತೈತಿ."

ಒಂದು ವರ್ಷ ನಾಲ್ಕು ಮನೆ ಮುಗಿಸಿ ಅಜ್ಜಿ ನಿಂತದ್ದು ಗಂಗವ್ವನ ಬಾಗಿಲಲ್ಲಿ. ಹೊಲದ ಬದುವಿನ ಜಗಳವಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ನಾನು ಹೆದರಿ ಸೆರಗು ಜಗ್ಗಿದೆ. ಅಜ್ಜಿ ಕದಲಲಿಲ್ಲ. "ಉಧೋ ಉಧೋ" ಎಂದಳು. ಊರಿಗೇ ಜೋರಾಗಿದ್ದ ಅವಳ ದನಿ ನಡುಗಿದ್ದನ್ನು ಅಂದೇ ಮೊದಲು ಕೇಳಿದೆ.

ಗಂಗವ್ವ ಹೊರಬಂದು ಪಡ್ಲಿಗಿ ನೋಡಿದಳು. ಪಡ್ಲಿಗಿ ಹಿಡಿದು ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ. ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಸುರಿದು, ಭಂಡಾರ ಹಚ್ಚಿಸಿಕೊಳ್ಳಲು ಹಣೆ ಬಾಗಿಸಿದಳು. ಅಜ್ಜಿಯ ಬೆರಳು ಆ ಹಣೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು.

"ಒಳಗ ಬರ್ರಿ, ನೀರರ ಕುಡೀರಿ," ಎಂದಳು ಗಂಗವ್ವ.

ಮನೆಗೆ ಮರಳುವಾಗ ಕೇಳಿದೆ: "ಅವರ ಮನಿಗೆ ಯಾಕ ಹ್ವಾದಿ?"

"ನಾ ಎಲ್ಲಿ ಹ್ವಾದ್ನಿ? ಎಲ್ಲವ್ವ ಕರಕೊಂಡ ಹ್ವಾದ್ಳು."

ಇವತ್ತು ಮಂಗಳವಾರ. ಪಡ್ಲಿಗಿಯ ಧೂಳು ಒರೆಸಿ, ಚಪ್ಪಲಿ ಬಿಟ್ಟು, ಹೊಸ್ತಿಲಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಜೋಗಕ್ಕೆ ಮೊದಲ ನಾಲ್ಕು ಮನೆ ಯಾವುವೆಂದು ಆಗಲೇ ಗೊತ್ತಾಗಿದೆ. ಐದನೆಯದು ನನ್ನೊಡನೆ ಮಾತು ಬಿಟ್ಟಿರುವ ತಂಗಿಯದು. ಕಾಲು ಏಳುತ್ತಿಲ್ಲ.

ಕರಕೊಂಡ ಹೋಗ, ಎಲ್ಲವ್ವಾ.