ತೊಟ್ಟಿಲ ಕೊಂಡಿ

ಹರಪನಹಳ್ಳಿಯಲ್ಲಿ ನಮ್ಮದೊಂದು ಬಾಡಿಗೆ ಮನೆ ಇದೆ. ಗೋಡೆಗೆ ಮೊಳೆ ಹೊಡೆದರೂ ಬಾಡಿಗೆಯವರ ಜೊತೆ ಜಗಳ ತೆಗೆಯುವವಳು ನಾನು. ಅಂಥದ್ದರಲ್ಲಿ, ಅಲ್ಲಿರುವ ಬಾಣಂತಿ ರೇಣುಕಾ ಮಾಳಿಗೆಯನ್ನೇ ಕೊರೆಸಿ ಕಬ್ಬಿಣದ ಕೊಂಡಿ ಹಾಕಿಸಿದ್ದಾಳೆ ಎಂದು ಸುದ್ದಿ ಬಂತು. ಮಗನನ್ನು ಎತ್ತಿಕೊಂಡು ಓಡಿದೆ.

ಹೊಸ ಕೊಂಡಿಗೆ ಮರದ ತೊಟ್ಟಿಲು ತೂಗುತ್ತಿತ್ತು. ಹೆಸರಿಡುವ ದಿನ ಕೂಸಿಗಿಂತ ಮೊದಲು ರುಬ್ಬುವ ಗುಂಡನ್ನು ಮಲಗಿಸುವುದು ಎಲ್ಲರ ಪದ್ಧತಿ. ಇವಳ ತೊಟ್ಟಿಲಲ್ಲಿ ಒಂದು ಚೀಲ ಮೆಕ್ಕೆಜೋಳ ಮಲಗಿತ್ತು!

"ಯಾರನ್ನ ಕೇಳಿ ಕೊರೆಸಿದಿ? ಮಳಿಗಾಲಕ್ಕ ಸೋರಿದ್ರ ನಿಮ್ಮಪ್ಪ ಬಂದು ಮಾಡಿಸ್ತಾನೇನು? ಇವತ್ತ ಕೀಳಬೇಕು!" ಎಂದೆ.

ರೇಣುಕಾ ಹೆದರಲಿಲ್ಲ. "ನಾಳೆ ಕೂಸಿನ ಹೆಸರಿಡೋದೈತಿ, ಕೀಳಂಗಿಲ್ರಿ ಅಕ್ಕ. ನಮ್ಮವ್ರು ಮಾಳಿಗಿ ಮ್ಯಾಲ ಕೊಡಗಟ್ಲೆ ನೀರು ಸುರುವಿ ನೋಡ್ಯಾರ, ಒಂದು ಹನಿ ಇಳಿದಿಲ್ಲ. ಈ ಚೀಲ ನಿನ್ನಿಯಿಂದ ತೂಗಾಕ ಹತ್ತೈತಿ. ನಿಮ್ಮ ಮಾಳಿಗಿ ಗಟ್ಟಿ ಐತೋ ಇಲ್ಲೋ ಅಂತ ನನಗೂ ಅನುಮಾನ ಇತ್ತಲ್ರಿ. ಮಲಗಾಕಿ ನನ್ನ ಮಗಳು!"

ಮನೆ ಕಟ್ಟಿಸಿದ ನಾವೇ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಮನಸ್ಸಿನಲ್ಲಿ ಭಲೇ ಅಂದುಕೊಂಡೆ. ಬಾಯಿ ಮಾತ್ರ ನಿಲ್ಲಲಿಲ್ಲ. ನನ್ನ ಕೂಗಿಗೆ ಮಗ ಅಳತೊಡಗಿದ. ರೇಣುಕಾ ಗಂಡನನ್ನು ಕರೆದು ಚೀಲ ಕೆಳಗಿಳಿಸಲು ಹೇಳಿ, ನನ್ನ ಮಗನನ್ನು ತೊಟ್ಟಿಲಿಗೆ ಹಾಕಿ ತೂಗಿದಳು. ಅವನಿಗೆ ಹಾಗೇ ನಿದ್ದೆ ಹತ್ತಿತು.

ಉಳಿದ ಬೈಗುಳವನ್ನು ಪಿಸುಮಾತಿನಲ್ಲಿ ಶುರು ಮಾಡಿದೆ.

"ತೂಗಿಕೋತ ಬೈರಿ ಅಕ್ಕ, ನಿಲ್ಲಿಸಿದ್ರ ಏಳ್ತಾನ," ಎಂದು ತೊಟ್ಟಿಲ ಹಗ್ಗ ನನ್ನ ಕೈಗೆ ಕೊಟ್ಟು, ಅವಳು ಚಹಾ ಇಡಲು ಹೋದಳು.